ಕೊಂಡುಕುರಿಯ ಬಗ್ಗೆ ಮೂರನೆಯ ವಾಕ್ಯ

ನಾನು ಇಂಗ್ಲಿಷ್ ಕಲಿಸಿ ಅನ್ನ ತಿನ್ನುವವಳು. ಮೊದಲು ನ್ಯಾಮತಿ ಕಡೆಯ ಒಂದು ಹಳ್ಳಿಯಲ್ಲಿದ್ದೆ, ಆಮೇಲೆ ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ, ಈಗ ಹೊನ್ನಾಳಿಯಲ್ಲಿ. ತವರು ಸಂತೇಬೆನ್ನೂರು. ಜಗಳೂರಿಗೆ ವರ್ಗವಾಯಿತು ಎಂದಾಗ ನಮ್ಮ ಚಿಕ್ಕಪ್ಪ, "ಅಲ್ಲಿ ಕುಡಿಯಾಕೆ ನೀರು ಸಿಕ್ರೆ ಸಾಕಾಗೈತೆ, ನಿನ್ನ ಇಂಗ್ಲೀಷು ಯಾರಿಗೆ ಬೇಕು?" ಎಂದು ನಕ್ಕಿದ್ದರು. ಸೂಳೆಕೆರೆಯ ನೀರು ಕಂಡ ಚನ್ನಗಿರಿ ಕಡೆಯವರಿಗೆ ಬಯಲುಸೀಮೆಯವರನ್ನು ಕಂಡರೆ ಒಂದು ಸಣ್ಣ ಸೊಕ್ಕು ಇರುತ್ತದೆ. ನನಗೂ ಇತ್ತು. ಅವರನ್ನೆಲ್ಲ ಉದ್ಧಾರ ಮಾಡಿಬಿಡುತ್ತೇನೆ ಎಂದುಕೊಂಡೇ ಬಸ್ಸು ಹತ್ತಿದ್ದೆ.

ಒಂಬತ್ತನೇ ತರಗತಿಗೆ ಹೋಲಿಕೆಯ ಪಾಠ ಮಾಡಬೇಕಿತ್ತು. ಇದು ಅದಕ್ಕಿಂತ ದೊಡ್ಡದು, ಅದು ಎಲ್ಲಕ್ಕಿಂತ ದೊಡ್ಡದು, ಅಷ್ಟೇ ವಿಷಯ. ಮಕ್ಕಳು 'ಟಾಲ್, ಟಾಲರ್, ಟಾಲೆಸ್ಟ್' ಎಂದು ಮಗ್ಗಿ ಹೇಳಿದ ಹಾಗೆ ಹೇಳುತ್ತಿದ್ದರು. ನಿಲ್ಲಿಸಿ, "ಈ ಕ್ಲಾಸಲ್ಲಿ ಎಲ್ಲರಿಗಿಂತ ಎತ್ತರ ಯಾರು, ಇಂಗ್ಲಿಷಲ್ಲಿ ಹೇಳಿ" ಎಂದರೆ ಎಲ್ಲರ ಬಾಯಿಗೂ ಬೀಗ. ನನಗೆ ಬೇಗ ಸಿಟ್ಟು ಬರುತ್ತದೆ. ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ, ಸ್ಟಾಫ್ ರೂಮಿಗೆ ಹೋಗಿ, ಹಳೆಯ ಕನ್ನಡ ಪೇಪರುಗಳ ಕಟ್ಟನ್ನೇ ಹೊತ್ತುಕೊಂಡು ಬಂದೆ.

ಹಾಗೆ ಶುರುವಾಯಿತು ನಮ್ಮ ಶನಿವಾರದ ಪೇಪರ್ ಪೀರಿಯಡ್ಡು. ವಿಜ್ಞಾನ ಮತ್ತು ಪರಿಸರದ ಸುದ್ದಿಗಳನ್ನು ಮಾತ್ರ ಕತ್ತರಿಸಿ ಹಂಚುತ್ತಿದ್ದೆ. ಚಂದ್ರನ ಮೇಲೆ ಇಳಿದದ್ದು, ಹಿಮ ಕರಗುತ್ತಿರುವುದು, ಬಿಸಿಲು ಏರಿದ್ದು, ಗುಬ್ಬಿ ಕಡಿಮೆಯಾದದ್ದು, ಹೀಗೆ. ಒಬ್ಬೊಬ್ಬರಿಗೆ ಒಂದು ಚೂರು, ಅದರ ಮೇಲೆ ಮೂರು ಇಂಗ್ಲಿಷ್ ವಾಕ್ಯ. ಬೋರ್ಡಿನ ಮೇಲೆ ನಾನು ಗುಣವಾಚಕಗಳ ಒಂದು ಪಟ್ಟಿ ಬರೆಯುತ್ತಿದ್ದೆ. ಮೂರನೆಯ ವಾಕ್ಯಕ್ಕೆ ಅದರಲ್ಲಿ ಒಂದು ಪದ ಆರಿಸಿಕೊಳ್ಳಬೇಕು, ಒಬ್ಬರು ಹಿಡಿದದ್ದನ್ನು ಇನ್ನೊಬ್ಬರು ಹಿಡಿಯುವಂತಿಲ್ಲ. ಹೋಲಿಸುವುದು ನಿಮಗೆ ಗೊತ್ತಿರುವ ವಸ್ತುವಿಗೇ ಆಗಬೇಕು. ಗೊತ್ತಿಲ್ಲದಿದ್ದರೆ? "ಮನೇಲಿ ಕೇಳ್ಕಂಡು ಬರ್ರಿ." ಈ ಮಾತನ್ನು ಪ್ರತಿ ಶನಿವಾರ ಹತ್ತು ಸಲವಾದರೂ ಹೇಳುತ್ತಿದ್ದೆ.

ಎಂಥೆಂಥ ವಾಕ್ಯಗಳು ಬಂದವು! ಚಂದ್ರ ನಮ್ಮೂರ ಬಸ್‌ಸ್ಟ್ಯಾಂಡಿಗಿಂತ ಖಾಲಿ. ಹಿಮದ ಬೆಟ್ಟಕ್ಕಿಂತ ನಮ್ಮ ಅಂಗಡಿಯ ಐಸ್‌ಕ್ಯಾಂಡಿ ಬೇಗ ಕರಗುತ್ತದೆ. ಈ ಸಲದ ಬೇಸಿಗೆ ನಮ್ಮ ಹೆಡ್‌ಮಾಸ್ಟರಿಗಿಂತ ಬಿಸಿ. ಈ ಕೊನೆಯದನ್ನು ಅಳಿಸಿ ಹಾಕಿಸಿದೆ, ಆದರೆ ಅಳಿಸುವ ಮೊದಲು ಫೋಟೋ ಹೊಡೆದುಕೊಂಡೆ. ಜಿಲ್ಲೆಯ ಇಂಗ್ಲಿಷ್ ಮೇಷ್ಟ್ರುಗಳ ಒಂದು ವಾಟ್ಸಾಪ್ ಗ್ರೂಪಿತ್ತು. ಪ್ರತಿ ವಾರ ಮಕ್ಕಳ ನೋಟ್‌ಬುಕ್ಕಿನ ಒಂದೆರಡು ಪುಟಗಳನ್ನು ಅದಕ್ಕೆ ಹಾಕುತ್ತಿದ್ದೆ. ಹೊಗಳಿಕೆಯ ಮಳೆ. "ನಿಮ್ಮ ಮೆಥಡ್ ಸೂಪರ್ ಮೇಡಂ", "ನಮ್ಮ ಸ್ಕೂಲಿಗೂ ಬಂದು ಒಂದು ಡೆಮೊ ಕೊಡಿ ಮೇಡಂ". ಊಟದ ಹೊತ್ತಿಗೆ ಫೋನ್ ತೆಗೆದು ಎಷ್ಟು ಜನ ಮೆಚ್ಚಿದ್ದಾರೆ ಎಂದು ನೋಡದಿದ್ದರೆ ಅನ್ನ ಇಳಿಯುತ್ತಿರಲಿಲ್ಲ. ಮಕ್ಕಳ ವಾಕ್ಯಗಳು ನನ್ನ ಹೆಚ್ಚುಗಾರಿಕೆಯ ಸಾಮಾನುಗಳಾಗಿದ್ದವು ಎಂದು ಈಗ ಹೇಳಲು ನಾಚಿಕೆಯಾಗುತ್ತದೆ.

ಆ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಕಾಡಿನ ಅಂಚಿನ ಹಟ್ಟಿಯಿಂದ ನಡೆದುಕೊಂಡು ಬರುತ್ತಿದ್ದಳು. ಅವಳ ಹೆಸರು ಬರೆಯುವುದಿಲ್ಲ, ಬರೆಯದಿರುವುದಕ್ಕೆ ಕಾರಣವೂ ಇದೆ. ಅವಳಪ್ಪ ವರ್ಷದ ಉಳಿದ ದಿನಗಳಲ್ಲಿ ಕುರಿ ಕಾಯುವುದು, ಕೂಲಿಗೆ ಹೋಗುವುದು. ಬೇಸಿಗೆ ಬಂತೆಂದರೆ ಕಾಡಿನಲ್ಲಿ ಬೆಂಕಿ ಕಾಯುವ ಕೆಲಸ. ಒಣ ಹುಲ್ಲಿಗೆ ಎಲ್ಲಿ ಕಿಡಿ ಬಿದ್ದರೂ ಸೊಪ್ಪಿನ ಬರಲಿನಿಂದ ಬಡಿದು ಆರಿಸುವುದು. ಪ್ರಾಣಿಗಳ ಫೋಟೋ ತೆಗೆಯುವ ಕ್ಯಾಮೆರಾಗಳನ್ನು ಮರಕ್ಕೆ ಕಟ್ಟುವಾಗಲೂ ಅವನನ್ನೇ ಕರೆದುಕೊಂಡು ಹೋಗುತ್ತಿದ್ದರು, ಯಾಕೆಂದರೆ ಯಾವ ಪ್ರಾಣಿ ಯಾವ ದಾರಿಯಲ್ಲಿ ನೀರಿಗೆ ಬರುತ್ತದೆ ಎಂಬುದು ಅವನಷ್ಟು ಯಾರಿಗೂ ಗೊತ್ತಿರಲಿಲ್ಲ. ಹಟ್ಟಿಯಲ್ಲಿ ಹೈಸ್ಕೂಲಿಗೆ ಬಂದ ಹೆಣ್ಣುಮಗಳು ಇವಳೊಬ್ಬಳೇ. ಅಜ್ಜಿಗೆ ಅದು ಇಷ್ಟವಿರಲಿಲ್ಲ, ದೊಡ್ಡವಳಾದ ಹುಡುಗಿ ಕುರುಚಲು ಕಾಡಿನ ದಾರಿಯಲ್ಲಿ ಒಬ್ಬಳೇ ಓಡಾಡುವುದು ಯಾಕೆ ಎಂದು. ಅಪ್ಪ ಮಾತ್ರ ಹಟ ಹಿಡಿದು ಕಳಿಸುತ್ತಿದ್ದ. ಪೋಷಕರ ಸಭೆಗೆ ಬಂದವನು ಬಾಗಿಲ ಹತ್ತಿರವೇ ನಿಂತು ನನಗೆ ಹೇಳಿದ್ದ:

"ಓದಾದ್ರೆ ಓದ್ಲಿ ಅಕ್ಕೋರೆ. ಆದ್ರೆ ಸ್ಕೂಲಿನ ದೆಸೆಯಿಂದ ಮನೆ ಬಾಗ್ಲಿಗೆ ಒಂದು ಕೆಟ್ಟ ಮಾತು ಬಂತು ಅಂದ್ರೆ ನಮ್ಮವ್ವನ ಎದುರಿಗೆ ನನ್ನ ಮಾತು ನಡಿಯಾಕಿಲ್ಲ. ಅವತ್ತಿಗೇ ನಿಲ್ಲಿಸ್ಬೇಕಾಗತೈತೆ."

"ಏನೂ ಬರಲ್ಲ, ನಾನಿದೀನಲ್ಲ" ಎಂದಿದ್ದೆ. ಎಷ್ಟು ಸಲೀಸಾಗಿ ಹೇಳಿದ್ದೆ.

ಚಳಿ ಶುರುವಾದ ಒಂದು ಶನಿವಾರ, ಪೇಪರಿನ ಚೂರುಗಳಲ್ಲಿ ಕೊಂಡುಕುರಿಯ ಸುದ್ದಿ ಇತ್ತು. ನಾಲ್ಕು ಕೊಂಬಿನ ಆ ಪ್ರಾಣಿ ನಮ್ಮ ಸುತ್ತಿನ ಕಾಡಿನಲ್ಲಿ ಕ್ಯಾಮೆರಾಕ್ಕೆ ಸಿಕ್ಕಿದೆ ಎಂದು, ಫೋಟೋ ಸಮೇತ. ಯಾವತ್ತೂ ಕೊನೆಗೆ ಕೈ ಚಾಚುವ ಹುಡುಗಿ ಅವತ್ತು ಬೆಂಚು ದಾಟಿ ಬಂದು ಅದನ್ನು ಕಿತ್ತುಕೊಂಡಳು. "ಈ ಕ್ಯಾಮೆರಾ ನಮ್ಮಪ್ಪ ಕಟ್ಟಿದ್ದು ಮಿಸ್!" ಎಂದಳು. ಅವಳ ಧ್ವನಿ ಅಷ್ಟು ಜೋರಾಗಿರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ.

ಎರಡು ವಾಕ್ಯಗಳನ್ನು ಕೂತಲ್ಲೇ ಬರೆದಳು. ಕೊಂಡುಕುರಿ ನಮ್ಮ ಮೇಕೆಗಿಂತ ಸಣ್ಣದು. ಕೊಂಡುಕುರಿ ನಮ್ಮ ಕಾಡಿನಲ್ಲಿ ಎಲ್ಲಕ್ಕಿಂತ ನಾಚಿಕೆಯ ಪ್ರಾಣಿ. ಮೂರನೆಯದಕ್ಕೆ ಬರುವಷ್ಟರಲ್ಲಿ ಬೋರ್ಡಿನ ಪದಗಳನ್ನೆಲ್ಲ ಉಳಿದವರು ಹಿಡಿದಾಗಿತ್ತು. ಉಳಿದದ್ದು 'ಸಾಫ್ಟ್' ಒಂದೇ. ಅವಳು ನನ್ನ ಮೇಜಿಗೆ ಬಂದು, "ಮಿಸ್, ಇದಕ್ಕೆ ಏನು ಬರೀಲಿ? ಕೊಂಡುಕುರೀನ ಯಾರೂ ಮುಟ್ಟಿರಾಕಿಲ್ಲ" ಎಂದಳು. ನಾನು ಹಾಜರಿ ಪುಸ್ತಕದಲ್ಲಿ ಮುಳುಗಿದ್ದೆ. ತಲೆ ಎತ್ತದೆ, "ಮನೇಲಿ ಕೇಳ್ಕಂಡು ಬಾ" ಎಂದೆ.

ಅವಳು ಕೇಳಿಕೊಂಡು ಬಂದಳು. ಸೋಮವಾರ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನೋಟ್‌ಬುಕ್ಕುಗಳನ್ನು ತಿದ್ದುತ್ತಾ ಕೂತಿದ್ದೆ. ಅವಳ ಮೂರನೆಯ ವಾಕ್ಯ ಹೀಗಿತ್ತು: 'ಕೊಂಡುಕುರಿ ಮೀಟ್ ಈಸ್ ಸಾಫ್ಟರ್ ದ್ಯಾನ್ ಗೋಟ್ ಮೀಟ್.' ಮೇಕೆಯ ಮಾಂಸಕ್ಕಿಂತ ಕೊಂಡುಕುರಿಯ ಮಾಂಸ ಮೆತ್ತಗೆ.

ನಕ್ಕುಬಿಟ್ಟೆ. ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಒಳಗೆ ತರುವುದಿಲ್ಲ. ಆ ಮಾಂಸ, ಈ ಮಾಂಸ, ಯಾವುದು ಮೆತ್ತಗೆ, ಯಾವುದು ನಾರು, ನನಗೇನು ಗೊತ್ತು? ನನಗೆ ಅದೊಂದು ತಮಾಷೆಯಾಗಿ ಕಂಡಿತು, ಇನ್ನೊಬ್ಬರ ಅಡುಗೆಮನೆಯನ್ನು ಕಿಟಕಿಯಿಂದ ಇಣುಕಿ ನೋಡಿದ ಹಾಗೆ. ವ್ಯಾಕರಣ ಸರಿ, ಕಾಗುಣಿತ ಸರಿ. ಕೆಂಪು ಇಂಕಿನಲ್ಲಿ ಸರಿ ಗುರುತು ಹಾಕಿ 'ವೆರಿ ಗುಡ್' ಎಂದು ಬರೆದೆ. ಫೋನ್ ತೆಗೆದು ಫೋಟೋ ಹೊಡೆದೆ. ಪುಟದ ನೆತ್ತಿಯ ಮೇಲೆ ದುಂಡಗಿನ ಅಕ್ಷರದಲ್ಲಿ ಅವಳ ಹೆಸರು, ತರಗತಿ, ಶಾಲೆ ಎಲ್ಲ ಇತ್ತು. ಅದನ್ನು ಮುಚ್ಚಬೇಕೆಂದಾಗಲಿ, ಕೊಂಡುಕುರಿಯ ಬೇಟೆ ಕಾನೂನಿನಲ್ಲಿ ಅಪರಾಧವೆಂದಾಗಲಿ ಹೊಳೆಯಲೇ ಇಲ್ಲ. 'ನಮ್ಮ ಮಕ್ಕಳ ಅನುಭವಜ್ಞಾನ ನೋಡಿ' ಎಂದು ಬರೆದು, ನಗುವ ಮುಖ ಮೂರು ಅಂಟಿಸಿ, ಗ್ರೂಪಿಗೆ ಬಿಟ್ಟೆ. ಅವಳನ್ನು ಕರೆದು, "ಇದನ್ನು ಯಾರು ಹೇಳಿದರವ್ವ?" ಎಂದು ಕೇಳಿದ್ದರೆ ಎರಡು ನಿಮಿಷದ ಕೆಲಸ. ಕೇಳಲಿಲ್ಲ.

ಬುಧವಾರ ಅರಣ್ಯ ಇಲಾಖೆಯವರು ಇಬ್ಬರು ಶಾಲೆಗೆ ಬಂದರು. ಹೆಡ್‌ಮಾಸ್ಟರು ನನ್ನನ್ನು ಕರೆಸಿದರು. ಅವರಲ್ಲಿ ಒಬ್ಬರ ಫೋನಿನಲ್ಲಿ ನಾನು ತೆಗೆದ ಫೋಟೋ ಇತ್ತು. ಯಾವ ಮೇಷ್ಟ್ರು ಯಾರಿಗೆ ಕಳಿಸಿ, ಅವರು ಇನ್ಯಾರಿಗೆ ಕಳಿಸಿದರೋ, ಎರಡೇ ದಿನದಲ್ಲಿ ಅದು ಅಲ್ಲಿಯವರೆಗೆ ನಡೆದುಕೊಂಡು ಹೋಗಿತ್ತು. ಅವರು ಒರಟಾಗಿ ಮಾತಾಡಲಿಲ್ಲ, ಸುಳ್ಳು ಹೇಳಬಾರದು. "ಈ ಪುಟ ನಿಮ್ಮ ಸ್ಕೂಲಿಂದೇ ಏನ್ ಮೇಡಂ? ಈ ರೈಟ್ ಮಾರ್ಕ್ ನಿಮ್ಮದೇನ್ರಿ?" ಎಂದು ಕೇಳಿದರು. ಹೌದು ಎಂದೆ. ಫೋಟೋ ಯಾರು ಹಾಕಿದ್ದು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹುಡುಗಿಯನ್ನು ಕರೆಸಿದರು. ಬಾಗಿಲ ಪಕ್ಕ ಗೋಡೆಗೆ ಒತ್ತಿ ನಿಂತಳು.

"ಯಾವಾಗಮ್ಮ ತಿಂದಿದ್ದು ನೀನು?"

"ನಾನು ತಿಂದಿಲ್ಲ ಸಾರ್."

"ಮತ್ತೆ ಮೆತ್ತಗೈತೆ ಅಂತ ಹೆಂಗೆ ಬರ್ದೆ?"

ಅವಳು ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಏನಿತ್ತು ಎಂದು ನನಗೆ ಚೆನ್ನಾಗಿ ಗೊತ್ತು. ಮಿಸ್, ನೀವೇ ಹೇಳಿದ್ರಲ್ಲ, ಮನೇಲಿ ಕೇಳ್ಕಂಡು ಬಾ ಅಂತ, ಅಷ್ಟು ಹೇಳಿಬಿಡ್ರಿ. ಪದ ನಾನು ಕೊಟ್ಟದ್ದು, ಕೇಳಿ ಬಾ ಎಂದದ್ದು ನಾನು, ಊರಿಗೆಲ್ಲ ಹಂಚಿದ್ದು ನಾನು. ಹೆಡ್‌ಮಾಸ್ಟರು ನನ್ನನ್ನೇ ದಿಟ್ಟಿಸುತ್ತಿದ್ದರು. ಏನಕ್ಕೆ ಹೆದರಿದೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ನೋಟಿಸು ಕೊಡುತ್ತಾರೆಂದೋ, ಗ್ರೂಪಿನಲ್ಲಿ ಮಾನ ಹೋಗುತ್ತದೆಂದೋ. ನನ್ನ ಬಾಯಿಂದ ಬಂದದ್ದು ಇದು:

"ಮಕ್ಕಳು ಮನೇಲಿ ಏನು ನೋಡ್ತಾರೋ ಅದನ್ನೇ ಬರೀತಾರೆ ಸಾರ್. ನಾನು ಇಂಗ್ಲಿಷ್ ಮಾತ್ರ ತಿದ್ದೀನಿ."

ಅವರು ಅದನ್ನು ಬರೆದುಕೊಂಡರು. ಹುಡುಗಿ ನನ್ನ ಮುಖದಿಂದ ಕಣ್ಣು ತೆಗೆದು ನೆಲ ನೋಡಿದಳು. "ಹೋಗಮ್ಮ ಕ್ಲಾಸಿಗೆ" ಎಂದರು, ಹೋದಳು. ನಾನು ಕೂಡ ನನ್ನ ಕ್ಲಾಸಿಗೆ ಹೋಗಿ ಪದ್ಯ ಪಾಠ ಮಾಡಿದೆ.

ಆಮೇಲಿನದೆಲ್ಲ ನನಗೆ ಬಿಸಿಯೂಟದ ಅಡುಗೆಯಾಕೆಯಿಂದ ತಿಳಿಯಿತು. ಆಕೆ ಅದೇ ಹಟ್ಟಿಯವಳು. ಅವತ್ತೇ ಮಧ್ಯಾಹ್ನ ಜೀಪು ಹಟ್ಟಿಗೆ ಹೋಯಿತಂತೆ. ಮಡಕೆ, ಸೌದೆಯ ಒಟ್ಟಿಲು, ಕುರಿ ದೊಡ್ಡಿ, ಒಂದನ್ನೂ ಬಿಡದೆ ಜಾಲಾಡಿದರಂತೆ. ಇಡೀ ಹಟ್ಟಿ ನೆರೆದು ನೋಡಿತಂತೆ. ಅಪ್ಪನನ್ನು ಜೀಪಿಗೆ ಹತ್ತಿಸುವಾಗ ಅಜ್ಜಿ ಚಕ್ರದ ಮುಂದೆ ಕೂತು, "ತಿಂದಾಕಿ ನಾನು, ನನ್ನ ಕರ್ಕಂಡು ಹೋಗ್ರಿ" ಎಂದಳಂತೆ. ಅಜ್ಜಿ ತಿಂದದ್ದು ನಿಜ. ಮದುವೆಯಾಗಿ ಹಟ್ಟಿಗೆ ಬಂದ ಹೊಸದರಲ್ಲಿ, ಒಂದೇ ಒಂದು ಸಲ, ಈ ಮಗ ಹುಟ್ಟುವುದಕ್ಕೂ ಎಷ್ಟೋ ವರ್ಷ ಮೊದಲು. ಮೊಮ್ಮಗಳು ಬಂದು 'ಮೆತ್ತಗೆ' ಎಂಬುದಕ್ಕೆ ಒಂದು ಮಾತು ಹೇಳು ಎಂದು ಕೇಳಿದಾಗ ಮುದುಕಿಗೆ ಅದು ನೆನಪಾಗಿದೆ. ಓದು ಬರದ ಅಜ್ಜಿ ಮೊಮ್ಮಗಳ ಇಂಗ್ಲಿಷಿಗೆ ಕೊಟ್ಟ ಮೊದಲ ಸಹಾಯ ಅದು.

ಏನೂ ಸಿಗಲಿಲ್ಲ. ಮಾರನೆಯ ದಿನ ಸಂಜೆ ಅಪ್ಪನನ್ನು ಬಿಟ್ಟರು. ಅಷ್ಟಕ್ಕೇ ಮುಗಿದಿದ್ದರೆ ನಾನೂ ಮರೆತುಬಿಡುತ್ತಿದ್ದೆನೇನೋ, ಅಂಥವಳು ನಾನು. ಆದರೆ ಬೆಂಕಿ ಕಾಯುವ ಕೆಲಸಕ್ಕೆ ಜನರನ್ನು ಕರೆಯುವ ಒಂದು ಪದ್ಧತಿ ಅಲ್ಲಿದೆ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಮೇಸ್ತ್ರಿ ಹಟ್ಟಿಗೆ ಬಂದು, ಬೇಕಾದವರ ಮನೆಯ ಮುಂದೆ ನಿಂತು ಕೂಗುತ್ತಾನೆ. ಕೂಗು ಬಿದ್ದವನು ಹೆಗಲಿಗೆ ಟವೆಲ್ ಹಾಕಿ ಹೊರಡುತ್ತಾನೆ. ನೀನು ಬೇಡ ಎಂದು ಯಾರಿಗೂ ಹೇಳುವುದಿಲ್ಲ, ಕೂಗುವುದಿಲ್ಲ, ಅಷ್ಟೇ. ಆ ವರ್ಷ ಮೇಸ್ತ್ರಿ ಇವರ ಮನೆ ಬಂದಾಗ ಹೆಜ್ಜೆ ನಿಲ್ಲಿಸಲಿಲ್ಲ. "ನಾಕು ದಿನ ನೀರಿನ ಕ್ಯಾನ್ ತುಂಬಿ ಮಡಿಕ್ಕಂಡು ಜಗಲಿ ಮ್ಯಾಲೆ ಕುಂತಿದ್ದ ಕಣ್ರಿ ಮಿಸ್ಸೋರೆ" ಎಂದಳು ಅಡುಗೆಯಾಕೆ, ಸಾರಿಗೆ ಒಗ್ಗರಣೆ ಹಾಕುತ್ತಾ. ನಾನು ಕೈಯಲ್ಲಿದ್ದ ತಟ್ಟೆಯನ್ನು ಅಲ್ಲೇ ಇಟ್ಟು ಹೊರಗೆ ಬಂದೆ.

ಹುಡುಗಿ ಶಾಲೆ ಬಿಡಲಿಲ್ಲ. ಅದು ನನಗೆ ಆಶ್ಚರ್ಯ. ಒಂದು ಕೆಟ್ಟ ಮಾತು ಬಂದರೆ ನಿಲ್ಲಿಸುತ್ತೇನೆ ಎಂದಿದ್ದ ಅಪ್ಪ, ಬಾಗಿಲಿಗೆ ಜೀಪೇ ಬಂದಮೇಲೂ ಹೇಗೆ ಕಳಿಸುತ್ತಿದ್ದಾನೆ? ಅವಳು ಬರುತ್ತಿದ್ದಳು, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು, ಪಠ್ಯಪುಸ್ತಕದಲ್ಲಿದ್ದ ವಾಕ್ಯಗಳನ್ನು ಹಾಗೆಯೇ ಇಳಿಸಿ ತೋರಿಸುತ್ತಿದ್ದಳು. ಆನೆ ಹಸುವಿಗಿಂತ ದೊಡ್ಡದು. ಒಂದು ತಪ್ಪೂ ಇರುತ್ತಿರಲಿಲ್ಲ. ಸಿಲಬಸ್ ಹಿಂದೆ ಬಿದ್ದಿದೆ ಎಂಬ ನೆಪ ಹೇಳಿ ಪೇಪರ್ ಪೀರಿಯಡ್ಡನ್ನು ನಾನೇ ನಿಲ್ಲಿಸಿದೆ. ಗ್ರೂಪಿನಿಂದ ಫೋಟೋ ಅಳಿಸಲು ಹೋದೆ, ಅಳಿಸುವ ಅವಧಿ ಮೀರಿತ್ತು. ಅಳಿಸಿದ್ದರೆ ತಾನೇ ಏನು?

ಫೆಬ್ರವರಿಯ ಒಂದು ಶನಿವಾರ, ಶಾಲೆ ಬಿಟ್ಟ ಮೇಲೆ, ಅಡುಗೆಯಾಕೆಯ ಜೊತೆ ಹಟ್ಟಿಗೆ ಹೊರಟೆ. ತಪ್ಪು ನನ್ನದು ಎಂದು ಹೇಳಿಬಿಡಬೇಕು, ಅವರು ಬೈದರೆ ಬೈಸಿಕೊಳ್ಳಬೇಕು ಎಂದು ನಿಶ್ಚಯಿಸಿದ್ದೆ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡೆ. ಫೋಟೋ ಹಾಕಿದ್ದು ನಾನು, ತಪ್ಪನ್ನು ನಿಮ್ಮ ಮಗಳ ಮೇಲೆ ಹಾಕಿದ್ದೂ ನಾನು. ಇಷ್ಟೇ, ಎರಡು ವಾಕ್ಯ.

ಅಪ್ಪ ನನ್ನನ್ನು ಕಂಡವನೇ ಎದ್ದು ಜಗಲಿಯ ಮೇಲೆ ಕಂಬಳಿ ಹಾಸಿದ. ನಾನು ಬಾಯಿ ತೆರೆಯುವ ಮೊದಲೇ ಕೈ ಮುಗಿದ.

"ನಾನೇ ಬಂದು ಕಾಣ್ಬೇಕಿತ್ತು ಅಕ್ಕೋರೆ, ಮುಖ ಇಲ್ದಂಗಾಗಿತ್ತು. ಯಾರೋ ಬುಕ್ಕಿನ ಫೋಟೋ ಹೊಡೆದು ಬಿಟ್ಟಾರೆ. ಅವರ ಮನಿ ಹಾಳಾಗ. ನೀವೊಬ್ರು ನಮ್ಮ ಪರವಾಗಿ ನಿಂತು ಮಾತಾಡಿದ್ರಂತೆ. ಮಗಳು ಎಲ್ಲಾ ಹೇಳಿದ್ಲು. ನೀವು ಹೇಳಿದ್ದಕ್ಕೇ ಬಿಟ್ರು ನನ್ನ, ಇಲ್ಲಾಂದ್ರೆ ಕೇಸು ಹಾಕ್ತಿದ್ರು."

ಅಜ್ಜಿ ಒಳಗಿನಿಂದ ಬಂದು ನನ್ನ ಎದುರಿಗೆ ನೆಲದ ಮೇಲೆ ಕೂತಳು. "ನನ್ನ ಹಾಳು ಬಾಯಿ ತಾಯಿ. ಹುಡುಗಿ ಕೇಳಿತು ಅಂತ ಹೇಳ್ದೆ. ಒಂದು ಸಲ ತಿಂದಿದ್ದು, ಈಗ ಕಕ್ಕಿದಂಗಾತು" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಓದು ಬಿಡಿಸು ಅಂತಿದ್ದಾಕಿ ನಾನೇ. ನಿಮ್ಮಂಥೋರು ಒಬ್ರು ಅಲ್ಲಿ ಅದೀರಿ ಅಂತ ಸುಮ್ಕಾದೆ."

ಹುಡುಗಿ ಅಂಗಳದ ಮೂಲೆಯಲ್ಲಿ ಮೊರ ಹಿಡಿದು ಶೇಂಗಾ ಕೇರುತ್ತಿದ್ದಳು. ನಾನು ಅವಳ ಕಡೆ ನೋಡಿದೆ. ಅವಳು ತಲೆ ಎತ್ತಲಿಲ್ಲ. ಮೊರದ ಸದ್ದು ಮಾತ್ರ ಒಂದೇ ಸಮನೆ ನಡೆದಿತ್ತು.

ಹೇಳಬೇಕಾದ ಎರಡು ವಾಕ್ಯವನ್ನು ಹೇಳಲಿಲ್ಲ. ಚಹಾ ಕೊಟ್ಟರು, ಕುಡಿದೆ. ಒಂದು ಚೀಲದಲ್ಲಿ ಶೇಂಗಾ ತುಂಬಿ ಕೊಟ್ಟರು. ಬೇಡ ಎಂದೆ, ಕೇಳಲಿಲ್ಲ, ತಗೊಂಡೆ. ಅಡುಗೆಯಾಕೆ ಅವಳ ಮನೆಯಲ್ಲೇ ಉಳಿದಳು. ನನ್ನನ್ನು ಬಸ್ಸಿನ ರಸ್ತೆಯವರೆಗೆ ಬಿಟ್ಟು ಬರಲು ಅಪ್ಪ ಮಗಳನ್ನೇ ಕಳಿಸಿದ.

ಶೇಂಗಾ ಚೀಲವನ್ನು ಅವಳೇ ಹೊತ್ತುಕೊಂಡು ಮುಂದೆ ನಡೆದಳು. ರಸ್ತೆ ಕಂಡ ಮೇಲೆ ನಾನೇ ಕೇಳಿದೆ.

"ಫೋಟೋ ಯಾರು ಹಾಕಿದ್ದು ಅಂತ ಗೊತ್ತಲ್ಲ ನಿನಗೆ?"

"ಹೂಂ ಮಿಸ್. ಬುಕ್ಕು ನಿಮ್ಮ ಹತ್ರಾನೇ ಇತ್ತಲ್ರಿ."

"ಅವತ್ತು ಆಫೀಸ್ ರೂಮಲ್ಲಿ ನಾನು ಏನಂದೆ ಅಂತಾನೂ ನೀನು ಕೇಳಿಸ್ಕಂಡೆ ಅಲ್ವ?"

"ಹೂಂ."

"ಮತ್ತೆ ಮನೇಲಿ ಯಾಕವ್ವ ಹಂಗೆ ಹೇಳಿದೆ?"

ಅವಳು ಸ್ವಲ್ಪ ಹೊತ್ತು ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿದಳು. ನನ್ನ ಮೇಲೆ ಪ್ರೀತಿಯಿಂದ ಎಂದು ಹೇಳಲಿ ಎಂದು ನನ್ನ ಹಾಳು ಮನಸ್ಸು ಆ ಗಳಿಗೆಯಲ್ಲೂ ಕಾಯುತ್ತಿತ್ತು.

"ನಿಜ ಹೇಳಿದ್ರೆ ನನ್ನ ಸ್ಕೂಲು ಬಿಡಿಸ್ತಿದ್ರು ಮಿಸ್" ಎಂದಳು. "ಇವತ್ತು ನೀವು ಬಂದಾಗ ಎದೆ ಧಸಕ್ ಅಂತು, ಎಲ್ಲಿ ಹೇಳಿಬಿಡ್ತೀರೋ ಅಂತ. ಹೇಳಬ್ಯಾಡ್ರಿ. ನಂದು ಎಸ್ಸೆಸ್ಸೆಲ್ಸಿ ಮುಗಿಯೋಗಂಟ ಯಾರಿಗೂ ಹೇಳಬ್ಯಾಡ್ರಿ."

ಹೂಂ ಎಂದೆ. ತಪ್ಪು ಒಪ್ಪಿಕೊಂಡು ಎದೆ ಹಗುರ ಮಾಡಿಕೊಳ್ಳೋಣ ಎಂದು ಹೋದವಳಿಗೆ ಆ ಹುಡುಗಿ ಅದಕ್ಕೂ ಅವಕಾಶ ಕೊಡಲಿಲ್ಲ, ಕೊಡುವ ಹಾಗೂ ಇರಲಿಲ್ಲ. ಬಸ್ಸು ಬಂತು. ಅವಳು ಚೀಲವನ್ನು ನನ್ನ ಕೈಗೆ ಕೊಟ್ಟು, ತಿರುಗಿ ನೋಡದೆ ಹಟ್ಟಿಯ ಕಡೆ ನಡೆದಳು.

ಮರುವರ್ಷ ವರ್ಗಾವಣೆಯ ಕೌನ್ಸೆಲಿಂಗಿನಲ್ಲಿ ಹೊನ್ನಾಳಿ ಸಿಕ್ಕಿತು, ಬಂದುಬಿಟ್ಟೆ. ಓಡಿ ಬಂದೆ ಎಂದರೂ ಸರಿ. ಅವಳಪ್ಪನಿಗೆ ಮೇಸ್ತ್ರಿಯ ಕೂಗು ಎರಡನೆಯ ಬೇಸಿಗೆಯಲ್ಲೂ ಬೀಳಲಿಲ್ಲ ಎಂದು ಅಡುಗೆಯಾಕೆ ಫೋನಿನಲ್ಲಿ ಹೇಳಿದಳು. ಆ ಕಾಡಿನಲ್ಲಿ ಕ್ಯಾಮೆರಾ ಕಟ್ಟಲು ಈಗ ಬೇರೆ ಯಾರನ್ನೋ ಕರೆದುಕೊಂಡು ಹೋಗುತ್ತಾರಂತೆ. ಅವನು ಕಂಡವರ ಹತ್ತಿರವೆಲ್ಲ ಇಂಗ್ಲಿಷ್ ಅಕ್ಕೋರ ಗುಣಗಾನ ಮಾಡುತ್ತಾನಂತೆ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಹುಡುಗಿಯೇ ಫೋನ್ ಮಾಡಿದಳು. ಪಾಸಾಗಿದ್ದಳು, ಇಂಗ್ಲಿಷಿನಲ್ಲಿ ಉಳಿದ ವಿಷಯಗಳಿಗಿಂತ ಹೆಚ್ಚು ಬಂದಿತ್ತು. "ಈಗ ನಿಮ್ಮಪ್ಪನಿಗೆ ಹೇಳ್ಲೇನವ್ವ? ನಾನೇ ಬಂದು ಹೇಳ್ತೀನಿ" ಎಂದೆ.

ಮಕ್ಕಳಿಗೆ ತಿಳಿಸಿ ಹೇಳುವ ಧ್ವನಿಯಲ್ಲಿ ಅವಳು ನನಗೆ ಹೇಳಿದಳು:

"ಇನ್ನೂ ಪಿಯುಸಿ ಐತಲ್ರಿ ಮಿಸ್."